ವಾರಕ್ಕೊಂದು ಪದ, ಪದಕ್ಕೊಂದು ಡೈನೋಸಾರ್

ಕಳೆದ ಮಳೆಗಾಲದ ಒಂದು ಶುಕ್ರವಾರ ಅಕ್ಕನ ಮಗಳು ಕೊಟ್ಟ ಪದ ‘ಛತ್ರಿ’. ವಾರಕ್ಕೊಂದು ಪದ ಅವಳು ಕೊಡಬೇಕು, ಮುಂದಿನ ಶುಕ್ರವಾರದೊಳಗೆ ಅದಕ್ಕೊಂದು ಚಿತ್ರ ನಾನು ಬರೆಯಬೇಕು, ಚಿತ್ರದಲ್ಲಿ ಡೈನೋಸಾರ್ ಇರಲೇಬೇಕು. ಇದು ನಮ್ಮಿಬ್ಬರ ಕರಾರು. ನಾಲ್ಕು ದಿನ ಏನೂ ಹೊಳೆಯಲಿಲ್ಲ. ಐದನೆಯ ದಿನ ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಜೋರು ಮಳೆಗೆ ಸಿಕ್ಕಿಕೊಂಡೆ. ಚೆಂಡುಹೂವಿನ ಚೀಲ ಹೊತ್ತ ಇಬ್ಬರು ಹೆಂಗಸರು ಓಡಿಬಂದು ನಿಂತಿದ್ದ ಲಾರಿಯ ಮಗ್ಗುಲಿಗೆ ಒತ್ತಿಕೊಂಡರು. ಚಿತ್ರ ಅಲ್ಲೇ ಸಿಕ್ಕಿತು. ಲಾರಿಯ ಜಾಗದಲ್ಲಿ ಬರಾಪಸಾರಸ್ ಎಂಬ ಉದ್ದಕತ್ತಿನ ಡೈನೋಸಾರ್, ಅದರ ಹೊಟ್ಟೆಯಡಿ ಆ ಇಬ್ಬರು ಹೆಂಗಸರು, ಹೂವಿನ ಚೀಲ, ಒಂದು ನಾಯಿ. ಸುತ್ತೆಲ್ಲ ಮಳೆ, ಹೊಟ್ಟೆಯ ಕೆಳಗೆ ಮಾತ್ರ ಒಣನೆಲ.

ರಾತ್ರಿ ಕೂತು ಮುಗಿಸಿ ಬೆಳಿಗ್ಗೆ ತೋರಿಸಿದೆ. ಹುಡುಗಿ ಬಹಳ ಹೊತ್ತು ನೋಡಿ, “ಆನ ಕಾಲು ಹಿಂಗಿದ್ದದಾ ಮಾಮ?” ಎಂದಳು. ನಾನು ಬರೆದದ್ದು ಆನೆಯನ್ನಲ್ಲ. ಆದರೂ ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಅಷ್ಟು ಭಾರ ಹೊರುವ ಕಾಲನ್ನು ನಾನು ಬೆಕ್ಕಿನ ಕಾಲಿನಂತೆ ಬಗ್ಗಿಸಿಬಿಟ್ಟಿದ್ದೆ. ಭಾರದ ಪ್ರಾಣಿಯ ಕಾಲು ಕಂಬದ ಹಾಗೆ ನೆಟ್ಟಗಿರಬೇಕು. ಕಾಡಿನ ಅಂಚಿನ ಊರಿನ ಮಗುವಿಗೆ ಅದು ಯಾವ ಪುಸ್ತಕವನ್ನೂ ಓದದೆ ಗೊತ್ತಿತ್ತು. ಕಾಲನ್ನು ಅಳಿಸಿ ಮತ್ತೆ ಬರೆದೆ.

ಕೊಟ್ಟ ಪದಕ್ಕೆ ಗಡುವಿನೊಳಗೆ ಚಿತ್ರ ಬರೆಯುವ ಈ ಅಭ್ಯಾಸ ಈಗ ಜಗತ್ತಿನಾದ್ಯಂತ ಇದೆ. ಪೆನೆಲೊಪಿ ಡಲ್ಲಗನ್ ಎಂಬ ಅಮೆರಿಕದ ಚಿತ್ರಕಲಾವಿದೆ 2003ರಲ್ಲಿ ‘ಇಲಸ್ಟ್ರೇಷನ್ ಫ್ರೈಡೇ’ ಶುರುಮಾಡಿದರು. ಶುಕ್ರವಾರ ಒಂದು ಪದ, ಬರೆಯಲು ಒಂದು ವಾರ. 2009ರಲ್ಲಿ ಜೇಕ್ ಪಾರ್ಕರ್ ಆರಂಭಿಸಿದ ‘ಇಂಕ್ಟೋಬರ್’ ಇನ್ನೂ ಬಿಗಿ. ಅಕ್ಟೋಬರ್ ತಿಂಗಳ 31 ದಿನವೂ ದಿನಕ್ಕೊಂದು ಶಾಯಿಚಿತ್ರ. ಹೀಗೆ ಕೊಡುವ ಪದಕ್ಕೆ ಇಂಗ್ಲಿಷಿನಲ್ಲಿ ಪ್ರಾಂಪ್ಟ್ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ, ಸಮಸ್ಯೆ. ಅವಧಾನದಲ್ಲಿ ಪೃಚ್ಛಕರು ಪದ್ಯದ ಒಂದು ಸಾಲು ಕೊಡುತ್ತಾರೆ, ಅವಧಾನಿ ಉಳಿದ ಸಾಲುಗಳನ್ನು ಕಟ್ಟಿ ಪೂರೈಸುತ್ತಾರೆ. ಶತಾವಧಾನಿ ಗಣೇಶರ ಅವಧಾನ ನೋಡಿದವರಿಗೆ ಆ ಕಟ್ಟಿನ ಸುಖ ಗೊತ್ತು. ವಾರದ ಚಿತ್ರವೂ ಸಮಸ್ಯಾಪೂರಣವೇ. ಏನು ಬೇಕಾದರೂ ಬರೆ ಎಂದರೆ ಕೈ ಓಡುವುದಿಲ್ಲ, ‘ಛತ್ರಿ’ ಎಂದು ಕಟ್ಟಿಹಾಕಿದರೆ ಓಡುತ್ತದೆ.

ಪತ್ರಿಕೆಯ ಚಿತ್ರಕಾರರು ಇದನ್ನು ಹೊಟ್ಟೆಪಾಡಾಗಿಯೇ ಮಾಡಿಕೊಂಡು ಬಂದಿದ್ದಾರೆ. ಚಂದ್ರನಾಥ ಆಚಾರ್ಯ, ಜಿ.ಕೆ. ಸತ್ಯ ಮೊದಲಾದವರ ಕಥಾಚಿತ್ರಗಳನ್ನು ನೋಡುತ್ತ ಬೆಳೆದ ಪೀಳಿಗೆ ನಮ್ಮದು. ಕಥೆ ಯಾವುದು ಬರುತ್ತದೋ ಗೊತ್ತಿಲ್ಲ, ಪುರವಣಿ ಅಚ್ಚಿಗೆ ಹೋಗುವ ಹೊತ್ತು ಮಾತ್ರ ಗೊತ್ತು. ಆ ಗಡುವೇ ಅವರ ಗೆರೆಗೆ ಅಷ್ಟು ಬಿಗಿ ತಂದಿತೆಂದು ನಾನು ನಂಬಿದ್ದೇನೆ.

ಇದಕ್ಕೂ ಹಳೆಯದೊಂದು ಉದಾಹರಣೆ ನಮ್ಮ ಚಾಮರಾಜನಗರಕ್ಕೆ ತೀರ ಹತ್ತಿರದ್ದು. ಅರಿಕುಠಾರ ಎಂದಿದ್ದ ಊರಿಗೆ 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಊರ ನಡುವಿನ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದವರೂ ಅವರೇ. ಅದೇ ದೊರೆ ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ದೊಡ್ಡ ಚಿತ್ರಗ್ರಂಥ. ಒಂದೊಂದು ದೇವತೆಗೆ ಒಂದೊಂದು ಧ್ಯಾನಶ್ಲೋಕ, ಅದರ ಜೊತೆಗೆ ಚಿತ್ರ. ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ವಾಹನ ಯಾವುದು ಎಂದು ಶ್ಲೋಕ ಹೇಳುತ್ತದೆ. ಯಾರೂ ಕಣ್ಣಾರೆ ಕಾಣದ ರೂಪವನ್ನು ಆ ನಾಲ್ಕು ಮಾತಿನಿಂದ ಕಲಾವಿದ ಎಬ್ಬಿಸಬೇಕು. ಶರಭ, ಗಂಡಭೇರುಂಡ, ಯಾಳಿಗಳನ್ನು ಬರೆದ, ಕೆತ್ತಿದ ಕೈಗಳು ನಮ್ಮ ಸೀಮೆಯವು. ಎರಡು ತಲೆಯ ಗಂಡಭೇರುಂಡವಂತೂ ಇಂದಿಗೂ ರಾಜ್ಯಲಾಂಛನದಲ್ಲಿದೆ. ಕಾಣದ ಪ್ರಾಣಿಯನ್ನು ನಂಬುವಂತೆ ಬರೆಯುವ ವಿದ್ಯೆ ನಮಗೆ ಹೊರಗಿನಿಂದ ಬರಬೇಕಾಗಿಲ್ಲ.

ಈಗ ಕೈಗೆ ಬಂದಿರುವ ಸಲಕರಣೆ ಬೇರೆ. ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆನ್ ಟ್ಯಾಬ್ಲೆಟ್ ಮೂರು–ನಾಲ್ಕು ಸಾವಿರ ರೂಪಾಯಿಗೆ ಸಿಗುತ್ತದೆ. ‘ಕ್ರಿಟಾ’ ಎಂಬ ತಂತ್ರಾಂಶ ಪೂರ್ತಿ ಉಚಿತ. ಅದೂ ಇಲ್ಲದವರು ಮೊಬೈಲಿಗೆ ‘ಐಬಿಸ್ ಪೇಂಟ್’ ಹಾಕಿಕೊಂಡು ಬೆರಳಲ್ಲೇ ಬರೆಯಬಹುದು. ಮೈಸೂರು ಸಾಂಪ್ರದಾಯಿಕ ಚಿತ್ರಕಾರರು ಹುಣಸೆ ಕಡ್ಡಿಯನ್ನು ಸುಟ್ಟು ಗೆರೆ ಹಾಕುತ್ತಿದ್ದರು, ಅಳಿಲಿನ ಕೂದಲಿನ ಕುಂಚ ಕಟ್ಟುತ್ತಿದ್ದರು. ಕ್ರಿಟಾ ತೆರೆದರೆ ಅದರ ಗುರುತಿನ ಬೊಂಬೆಯೂ ಅಳಿಲೇ. ಆಕಸ್ಮಿಕವಿರಬಹುದು, ನನಗಂತೂ ಪ್ರತಿ ಸಲ ಖುಷಿಯಾಗುತ್ತದೆ.

ಡಿಜಿಟಲ್ ಚಿತ್ರದ ಜೀವ ಇರುವುದು ಲೇಯರ್‌ಗಳಲ್ಲಿ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಛತ್ರಿಯ ಚಿತ್ರವನ್ನೇ ತೆಗೆದುಕೊಳ್ಳಿ. ಎ4 ಹಾಳೆಗೆ ಅಚ್ಚಾಗುವಂತೆ 2480 ಅಡ್ಡ, 3508 ಉದ್ದದ ಪಿಕ್ಸೆಲ್ ಅಳತೆ ಇಟ್ಟುಕೊಂಡೆ. ತಳದಲ್ಲಿ ಪೆನ್ಸಿಲ್ ಗೀಚು. ಅದರ ಮೇಲಿನ ಲೇಯರ್‌ನಲ್ಲಿ ಶುದ್ಧ ಗೆರೆ. ಗೆರೆ ಗಟ್ಟಿಯಾದ ಮೇಲೆ ಗೀಚನ್ನು ಮರೆಮಾಡಿದೆ. ಗೆರೆಯ ಕೆಳಗೆ ಚಪ್ಪಟೆ ಬಣ್ಣ: ಪ್ರಾಣಿಗೆ ಕೆಮ್ಮಣ್ಣಿನ ಬಣ್ಣ, ಚೆಂಡುಹೂವಿಗೆ ಕಿತ್ತಳೆ. ಅದರ ಮೇಲೆ ನೆರಳಿನ ಲೇಯರ್, ‘ಮಲ್ಟಿಪ್ಲೈ’ ವಿಧಾನದಲ್ಲಿ. ಆಗ ನೆರಳು ಕೆಳಗಿನ ಬಣ್ಣವನ್ನು ಮುಚ್ಚುವುದಿಲ್ಲ, ಗಾಢ ಮಾಡುತ್ತದೆ ಅಷ್ಟೇ. ಒದ್ದೆ ಡಾಂಬರಿನಲ್ಲಿ ಕಾಣುವ ಪ್ರತಿಬಿಂಬಕ್ಕೆ ಇನ್ನೊಂದು. ಎಲ್ಲಕ್ಕೂ ಮೇಲೆ ಮಳೆಯ ಲೇಯರ್, ಓರೆಯಾದ ಬಿಳಿಗೆರೆಗಳು, ಅರೆಪಾರದರ್ಶಕ. ಆ ಲೇಯರ್‌ನಲ್ಲಿ ಹೊಟ್ಟೆಯ ಕೆಳಗಿನ ಭಾಗವನ್ನಷ್ಟೇ ಅಳಿಸಿದೆ. ಒಣನೆಲ ಎದ್ದು ಬಂತು. ಇಡೀ ಚಿತ್ರದ ಮಾತು ಆ ಅಳಿಸಿದ ಜಾಗದಲ್ಲಿದೆ.

ಮೊಬೈಲಿನಲ್ಲಾದರೆ, ತಪ್ಪಿದಾಗ ಎರಡು ಬೆರಳು ತಟ್ಟಿದರೆ ಗೆರೆ ಹಿಂದಕ್ಕೆ ಹೋಗುತ್ತದೆ. ಕಲಿಯುವ ಮಕ್ಕಳಿಗೆ ಇದು ವರವೂ ಹೌದು, ಉರುಳೂ ಹೌದು. ಒಂದೇ ಗೆರೆಯನ್ನು ಇಪ್ಪತ್ತು ಸಲ ಅಳಿಸಿ ಬರೆಯುತ್ತ ಚಿತ್ರವನ್ನೇ ಮುಗಿಸದವರನ್ನು ಕಂಡಿದ್ದೇನೆ. ವಾರದ ಗಡುವು ಉಪಯೋಗಕ್ಕೆ ಬರುವುದು ಇಲ್ಲಿಯೇ. ಶುಕ್ರವಾರ ಬಂತೆಂದರೆ ಇದ್ದಷ್ಟಕ್ಕೆ ಕೈಬಿಟ್ಟು ಮುಂದಿನ ಪದಕ್ಕೆ ಹೋಗಬೇಕು.

ಇನ್ನು ಡೈನೋಸಾರ್. ಚಾಮರಾಜನಗರದ ನೆಲದಲ್ಲಿ ಅದರ ಮೂಳೆ ಸಿಗುವುದಿಲ್ಲ. ಜಗತ್ತಿಗೆಲ್ಲ ಹೋಗುವ ಇಲ್ಲಿನ ಕರಿಕಲ್ಲು, ಗುಂಡ್ಲುಪೇಟೆಯ ಬಿಳಿಕಲ್ಲು, ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್, ಇವೆಲ್ಲ ಬೆಂದು ಬಲಿತ ಶಿಲೆಗಳು. ಜಿಲ್ಲೆಯ ಬಂಡೆಗಳಲ್ಲಿ ಬಹುಪಾಲಿನ ವಯಸ್ಸು 250 ಕೋಟಿ ವರ್ಷವನ್ನೂ ಮೀರುತ್ತದೆ. ಡೈನೋಸಾರ್ ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ, ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಪಳೆಯುಳಿಕೆ ಕೂರುವುದು ಕೆಸರು, ಮರಳು ಪದರಗಟ್ಟಿ ಆದ ಕಲ್ಲಿನಲ್ಲಿ. ಅಂಥ ಕಲ್ಲು ಇಲ್ಲಿಂದ ದೂರದಲ್ಲಿದೆ. ಬರಾಪಸಾರಸ್ ಸಿಕ್ಕಿದ್ದು ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ. ಅಗೆದದ್ದು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು, 1958ರ ನಂತರ. ಬಂಗಾಳಿಯಲ್ಲಿ ‘ಬಡೋ ಪಾ’ ಎಂದರೆ ದೊಡ್ಡ ಕಾಲು. 1975ರಲ್ಲಿ ಹೆಸರಿಡುವಾಗ ರವೀಂದ್ರನಾಥ ಠಾಕೂರರ ನೆನಪಿಗೆ ‘ಟಾಗೋರೈ’ ಎಂದೂ ಸೇರಿಸಿದರು. ಮೂಗಿನಿಂದ ಬಾಲದವರೆಗೆ ಸುಮಾರು 14 ಮೀಟರ್. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ, ನೆತ್ತಿಯ ಮೇಲೆ ಕೊಂಬಿನ ಗುಬುಟಿದ್ದ ಮಾಂಸಾಹಾರಿ ರಾಜಸಾರಸ್‌ಗೆ ಹೆಸರು ಬಂದದ್ದು 2003ರಲ್ಲಿ. ಮಕ್ಕಳು ಟೀ-ರೆಕ್ಸ್ ಒಂದನ್ನೇ ಬಲ್ಲರು. ಅವರಿಗೆ ನಮ್ಮ ನೆಲದ ಈ ಪ್ರಾಣಿಗಳನ್ನು ಪರಿಚಯಿಸಲು ಚಿತ್ರಕ್ಕಿಂತ ಸುಲಭದ ದಾರಿ ಇಲ್ಲ.

ಬರಾಪಸಾರಸ್‌ನ ತಲೆಬುರುಡೆ ಸಿಕ್ಕಿಲ್ಲ, ಕೆಲವು ಹಲ್ಲುಗಳಷ್ಟೇ ಸಿಕ್ಕಿವೆ. ಎಂದರೆ ಅದರ ಮುಖ ಬರೆಯುವವರೆಲ್ಲ ಅದರ ನೆಂಟ ಪ್ರಾಣಿಗಳನ್ನು ನೋಡಿ ಊಹಿಸಿಯೇ ಬರೆಯಬೇಕು. ಊಹೆ ದಾರಿ ತಪ್ಪುವುದೂ ಉಂಟು. 19ನೇ ಶತಮಾನದಲ್ಲಿ ಇಗ್ವನೊಡಾನ್‌ನ ಚೂಪು ಮೂಳೆಯೊಂದನ್ನು ಇಂಗ್ಲೆಂಡಿನವರು ಕೊಂಬೆಂದು ತಿಳಿದು ಮೂಗಿನ ಮೇಲೆ ಕೂರಿಸಿದ್ದರು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳೇ ಸಿಕ್ಕಾಗ ಅದು ಹೆಬ್ಬೆರಳಿನ ಮುಳ್ಳೆಂದು ತಿಳಿಯಿತು. ಬಾಲವನ್ನು ನೆಲಕ್ಕೆ ಎಳೆದಾಡುವಂತೆ ಬರೆಯುತ್ತಿದ್ದುದೂ ತಪ್ಪು. ಕಲ್ಲಾದ ಹೆಜ್ಜೆಸಾಲುಗಳ ನಡುವೆ ಬಾಲ ಎಳೆದ ಗುರುತು ಸಾಮಾನ್ಯವಾಗಿ ಇರುವುದಿಲ್ಲ.

ಊಹೆಯ ಮಾತು ಬಂದಾಗಲೆಲ್ಲ ನನಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಆನೆಗಳು ನೆನಪಾಗುತ್ತವೆ. ಆನೆಯ ಸೊಂಡಿಲಲ್ಲಿ ಮೂಳೆಯಿಲ್ಲ. ಆನೆಯೆಲ್ಲ ಅಳಿದು ಕೋಟಿ ವರ್ಷದ ಮೇಲೆ ಯಾರಿಗೋ ಬರೀ ಬುರುಡೆ ಸಿಕ್ಕಿತೆಂದುಕೊಳ್ಳಿ. ಹಣೆಯ ನಡುವೆ ದೊಡ್ಡ ತೂತು ಕಾಣುತ್ತದೆ, ಸೊಂಡಿಲು ಕಾಣುವುದಿಲ್ಲ. ಜಾನ್ ಕಾನ್ವೆ, ಸಿ.ಎಂ. ಕೋಸೆಮೆನ್, ಡ್ಯಾರೆನ್ ನೈಶ್ 2012ರಲ್ಲಿ ತಂದ ‘ಆಲ್ ಎಸ್ಟರ್‌ಡೇಸ್’ ಪುಸ್ತಕ ಇದನ್ನೇ ಎತ್ತಿಹಿಡಿಯಿತು. ಮೂಳೆಯ ಮೇಲೆ ಬರೀ ಚರ್ಮ ಎಳೆದರೆ ಪ್ರಾಣಿಯಾಗುವುದಿಲ್ಲ, ಮಾಂಸ, ಕೊಬ್ಬು, ಜೋಲು, ಗರಿ, ನಡವಳಿಕೆ ಎಲ್ಲ ಸೇರಬೇಕು. ಅದನ್ನು ಕಲಿಯಲು ಬದುಕಿರುವ ಪ್ರಾಣಿಗಳನ್ನೇ ನೋಡಬೇಕು.

ಅದಕ್ಕೆ ಈ ಜಿಲ್ಲೆಗಿಂತ ಒಳ್ಳೆಯ ಶಾಲೆ ಎಲ್ಲಿದೆ? ಬಂಡೀಪುರದ ಅಂಚಿನಲ್ಲಿ ಆನೆ ಹೆಜ್ಜೆಯಿಡುವಾಗ ಪಾದ ಹೇಗೆ ಅಗಲವಾಗುತ್ತದೆ ನೋಡಿ, ಭಾರ ಎಂದರೇನೆಂದು ತಿಳಿಯುತ್ತದೆ. ಚರ್ಮಕ್ಕೆ ಮಾತ್ರ ಆನೆಯನ್ನು ನಂಬಬೇಡಿ. ಉದ್ದಕತ್ತಿನ ಡೈನೋಸಾರ್‌ಗಳ ಚರ್ಮದ ಅಚ್ಚುಗಳಲ್ಲಿ ಕಾಣುವುದು ಸುಕ್ಕಲ್ಲ, ಒತ್ತೊತ್ತಾದ ಸಣ್ಣ ಹುರುಪೆ. ಅದಕ್ಕೆ ಬೇಲಿಸಾಲಿನ ಉಡವನ್ನು ನೋಡಬೇಕು. ಎಲ್ಲಕ್ಕಿಂತ ಮುಖ್ಯ ನವಿಲು. ಹಕ್ಕಿಗಳು ಎರಡು ಕಾಲಿನ ಮಾಂಸಾಹಾರಿ ಡೈನೋಸಾರ್‌ಗಳ ವಂಶದವೇ. ಹುರುಳಿ ಹೊಲಕ್ಕೆ ಇಳಿದು ರೈತರ ಹೊಟ್ಟೆ ಉರಿಸುವ ನವಿಲು ಒಂದರ್ಥದಲ್ಲಿ ಅಳಿಯದೆ ಉಳಿದ ಡೈನೋಸಾರ್. ಮಳೆ ನಿಂತ ಮೇಲೆ ಹೊಲದ ಬದುವಿನ ಹಸಿಮಣ್ಣಿನಲ್ಲಿ ಅದರ ಹೆಜ್ಜೆ ನೋಡಿ: ಮುಂದಕ್ಕೆ ಚಾಚಿದ ಮೂರು ಬೆರಳು, ನಡುವಿನದು ಉದ್ದ, ತುದಿಯಲ್ಲಿ ಉಗುರಿನ ಚುಚ್ಚು. ರಾಜಸಾರಸ್‌ನ ಬಳಗದ ಹೆಜ್ಜೆಯ ಮಾದರಿಯೂ ಇದೇ, ಅಳತೆ ಮಾತ್ರ ಬೇರೆ. ನವಿಲು ನಡೆಯುವಾಗ ತಲೆ ಮುಂದೆ ಚಿಮ್ಮಿ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಮೈ ಅದನ್ನು ಹಿಂಬಾಲಿಸುತ್ತದೆ. ಆ ನಿಲುಗಡೆಯನ್ನು ಹಿಡಿದರೆ ರಾಜಸಾರಸ್ ಕಾಗದದ ಮೇಲೆ ಉಸಿರಾಡುತ್ತದೆ.

ಬಣ್ಣದ ವಿಷಯದಲ್ಲಿ ಮೊದಲು ಎಲ್ಲವೂ ಊಹೆಯಾಗಿತ್ತು. 2010ರಲ್ಲಿ ಚೀನಾದ ಸೈನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಪಳೆಯುಳಿಕೆಯಲ್ಲಿ ಬಣ್ಣದ ಕಣಗಳ ಗುರುತು ಸಿಕ್ಕಿ, ಅದರ ಬಾಲದಲ್ಲಿ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದವೆಂದು ತಿಳಿಯಿತು. ನಾನು ಅದನ್ನು ‘ಹಬ್ಬ’ ಎಂಬ ಪದಕ್ಕೆ ಬಳಸಿದೆ. ಮನೆಬಾಗಿಲ ರಂಗೋಲಿಯ ಮೇಲೆ ಪಟ್ಟೆಬಾಲದ ಮರಿಯೊಂದು ಓಡಿಹೋಗಿ ಹೆಜ್ಜೆಗಳಲ್ಲೆಲ್ಲ ಬಣ್ಣ ಮೆತ್ತಿಕೊಂಡ ಚಿತ್ರ. “ಇದು ಕೋಳಿ ಕನ ಮಾಮ, ಹಲ್ಲು ಬಂದಿರ ಕೋಳಿ” ಎಂದಳು ಹುಡುಗಿ. ಅಂಗೈ ತುಂಬ ಮೆಚ್ಚುಗೆ ಸಿಕ್ಕಂತಾಯಿತು.

ಈಗ ಪ್ರಾಂಪ್ಟ್ ಎಂದರೆ ಯಂತ್ರಕ್ಕೆ ಟೈಪ್ ಮಾಡುವ ಮಾತು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹತ್ತು ಪದ ಕೊಟ್ಟರೆ ಅರೆನಿಮಿಷದಲ್ಲಿ ಬಸ್ ನಿಲ್ದಾಣ, ಮಳೆ, ಡೈನೋಸಾರ್ ಎಲ್ಲ ಬಂದುಬಿಡುತ್ತದೆ. ಚಿತ್ರ ಬೇಕಾದವರಿಗೆ ಅದು ಸಾಕಾಗಬಹುದು. ಆದರೆ ಆನೆಯ ಕಾಲನ್ನು ನಾನು ನೋಡಿದ್ದು ಬರಾಪಸಾರಸ್‌ನ ಕಾಲನ್ನು ನಾನೇ ಬರೆದು ಕೆಡಿಸಿದ್ದರಿಂದ. ಮಕ್ಕಳ ಕೈಯಿಂದ ಆ ಕೆಡಿಸುವ ಅವಕಾಶವನ್ನು ಕಿತ್ತುಕೊಳ್ಳಬಾರದು.

ನಮ್ಮ ಶಾಲೆಗಳ ಚಿತ್ರಕಲಾ ಶಿಕ್ಷಕರಲ್ಲಿ ಒಂದು ಬೇಡಿಕೆ. ಶುಕ್ರವಾರ ಕೊನೆಯ ಪಿರಿಯಡ್ಡಿಗೆ ಕಪ್ಪುಹಲಗೆಯ ಮೇಲೆ ಒಂದೇ ಒಂದು ಪದ ಬರೆಯಿರಿ. ಟ್ಯಾಬ್ಲೆಟ್ ಇದ್ದವರು ಟ್ಯಾಬ್ಲೆಟ್‌ನಲ್ಲಿ, ಅಪ್ಪನ ಮೊಬೈಲ್ ಸಿಕ್ಕವರು ಮೊಬೈಲಿನಲ್ಲಿ, ಏನೂ ಇಲ್ಲದವರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಲಿ. ಮುಂದಿನ ಶುಕ್ರವಾರ ಎಲ್ಲವನ್ನೂ ಒಂದೇ ಗೋಡೆಗೆ ಅಂಟಿಸಿ. ಈ ವಾರ ನನಗೆ ಸಿಕ್ಕಿರುವ ಪದ ‘ಬೇಲಿ’. ಬೇಕಾದರೆ ಅದರಿಂದಲೇ ಶುರುಮಾಡಿ.