ಕೋಳಿ ಸುಂಕದ ನೆರಳಲ್ಲಿ ಬೆಳೆದ ಟ್ರಕ್ಕು

ನಮ್ಮಲ್ಲಿ ಪಿಕಪ್ ಅಂದ ತಕ್ಷಣ ಕಣ್ಮುಂದೆ ಬರೋದು ಟೊಮೆಟೊ ಕ್ರೇಟ್ ಹೇರಿಕೊಂಡು ಮಾರ್ಕೆಟ್‌ಗೆ ಓಡೋ ಬೊಲೆರೊ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಲಕ್ಷಾಂತರ ಜನ ಮಕ್ಕಳನ್ನ ಸ್ಕೂಲಿಗೆ ಬಿಡೋದೂ ಪಿಕಪ್‌ನಲ್ಲೇ, ಆಫೀಸಿಗೆ ಹೋಗೋದೂ ಅದರಲ್ಲೇ. 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿರುವ ಪಿಕಪ್ ಫೋರ್ಡ್ ಕಂಪನಿಯ ಎಫ್-ಸೀರೀಸ್. ಅದರಲ್ಲಿ ಎಲ್ಲರ ಬಾಯಲ್ಲಿರೋ ಹೆಸರು ಎಫ್-150. ಇವತ್ತಿನ ನಾಲ್ಕು ಬಾಗಿಲಿನ ಎಫ್-150 ಉದ್ದ ಸುಮಾರು 5.9 ಮೀಟರ್. ಅಗಲ, ಕನ್ನಡಿ ಬಿಟ್ಟು, 2 ಮೀಟರ್. ನಮ್ಮ ಹಳೇ ಮಾರುತಿ 800 ಇತ್ತಲ್ಲ, ಅದರ ಉದ್ದ 3.3 ಮೀಟರ್ ಚಿಲ್ಲರೆ. ಲೆಕ್ಕ ನೀವೇ ಹಾಕಿ.

ರೈತರಿಗೆ, ಮೇಸ್ತ್ರಿಗಳಿಗೆ ಅಂತ ಹುಟ್ಟಿದ ಗಾಡಿ ಇದು. ಇಷ್ಟು ಬೆಳೆದದ್ದು ಹೇಗೆ? ಎಂಜಿನಿಯರುಗಳು ಬೆಳೆಸಿದರು ಅನ್ನೋದು ಅರ್ಧ ಸತ್ಯ. ಉಳಿದ ಅರ್ಧ ಸರ್ಕಾರಿ ಕಡತಗಳಲ್ಲಿದೆ.

1948ರಲ್ಲಿ ಬಂದದ್ದು ಎಫ್-1. ಒಂದೇ ಸಾಲು ಸೀಟು, ಹಿಂದೆ ಲೋಡು. 1953ರಲ್ಲಿ ಹೆಸರು ಎಫ್-100 ಆಯ್ತು. 1961ರಲ್ಲಿ ಫೋರ್ಡ್‌ನವರು ಒಂದು ಪ್ರಯೋಗ ಮಾಡಿದರು. ಕ್ಯಾಬಿನ್ನನ್ನೂ ಹಿಂದಿನ ಲೋಡ್ ಬಾಡಿಯನ್ನೂ ಸೇರಿಸಿ ಒಂದೇ ತುಂಡು ಮಾಡಿದರು. ನೋಡೋಕೆ ಚಂದ. ಆದರೆ ಭಾರಿ ಲೋಡ್ ಬಿದ್ದಾಗ ಇಡೀ ಬಾಡಿ ತಿರುಚಿಕೊಂಡು ಬಾಗಿಲುಗಳೇ ಸರಿಯಾಗಿ ಕೂರದೆ ತೊಂದರೆ ಕೊಟ್ಟವು. 1963ರ ನಂತರ ಆ ಐಡಿಯಾ ಬಿಟ್ಟರು. ಕ್ಯಾಬಿನ್ ಮತ್ತು ಲೋಡ್ ಬಾಡಿ ಮಧ್ಯೆ ಇವತ್ತಿಗೂ ಒಂದು ಸಂದು ಇದೆಯಲ್ಲ, ಅದು ಸುಮ್ಮನೆ ಬಿಟ್ಟಿದ್ದಲ್ಲ. ಕೆಳಗಿನ ಚಾಸಿಸ್ ಬಳುಕಿದಾಗ ಎರಡೂ ಬೇರೆಬೇರೆಯಾಗಿ ಅಲುಗಾಡೋಕೆ ಜಾಗ ಬೇಕು.

ಈಗ ಕೋಳಿ ಕಥೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಮಾಂಸ ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಯುರೋಪಿನವರು ಸುಂಕ ಏರಿಸಿದರು. ಅದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಸಣ್ಣ ಟ್ರಕ್‌ಗಳ ಮೇಲೆ ಸುಂಕ ಜಡಿದರು. ಟ್ರಕ್‌ಗೆ ಶೇ 25. ಏಟು ಬಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್‌ಗೆ. ಕೋಳಿ ಜಗಳ ಮುಗೀತು, ಬ್ರಾಂಡಿ ಸುಂಕವೂ ಹೋಯ್ತು, ಟ್ರಕ್ ಸುಂಕ ಮಾತ್ರ ಉಳೀತು! ಹೊರಗಿನಿಂದ ಪೈಪೋಟಿ ಇಲ್ಲ ಅಂದಮೇಲೆ ದೊಡ್ಡ ಪಿಕಪ್ ಮಾರುಕಟ್ಟೆ ಅಮೆರಿಕನ್ ಕಂಪನಿಗಳ ಸ್ವಂತ ಅಂಗಳದಂತಾಯ್ತು.

ಎಫ್-150 ಅನ್ನೋ ಹೆಸರು ಹುಟ್ಟಿದ್ದೂ ನಿಯಮ ತಪ್ಪಿಸಿಕೊಳ್ಳೋಕೇ. 1975ರಲ್ಲಿ ಹೊಗೆ ನಿಯಂತ್ರಣ ನಿಯಮ ಬಿಗಿಯಾಯ್ತು. ಲೋಡ್ ಸೇರಿ ಒಟ್ಟು ತೂಕದ ಮಿತಿ 6,000 ಪೌಂಡ್, ಅಂದ್ರೆ ಸುಮಾರು 2,700 ಕೆಜಿ ಒಳಗಿರೋ ಗಾಡಿಗಳು ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಕೊಂಡು ಸೀಸವಿಲ್ಲದ ಪೆಟ್ರೋಲ್‌ನಲ್ಲೇ ಓಡಬೇಕು. ಫೋರ್ಡ್ ಏನು ಮಾಡಿತು ಗೊತ್ತಾ? ಆ ಗೆರೆಗಿಂತ ಚೂರು ಮೇಲೆ ಬರುವಂಥ ಹೊಸ ಮಾದರಿ ತಂತು. ಅದೇ ಎಫ್-150. ಎಂಟೇ ವರ್ಷದಲ್ಲಿ ಹಳೇ ಎಫ್-100 ಅಮೆರಿಕದ ಶೋರೂಮುಗಳಿಂದ ಮಾಯ.

ಮೈಲೇಜ್ ನಿಯಮದಲ್ಲೂ ಇದೇ ಕಥೆ. ಕಾರುಗಳಿಗೆ ಕಟ್ಟುನಿಟ್ಟು, ಪಿಕಪ್ ದುಡಿಯೋ ಗಾಡಿ ಅಂತ ಅದಕ್ಕೆ ಸಡಿಲ. ಆಮೇಲೆ ಬಂದ ನಿಯಮದಲ್ಲಿ ನಾಲ್ಕು ಚಕ್ರಗಳ ನಡುವಿನ ಜಾಗ ಎಷ್ಟು ದೊಡ್ಡದೋ ಮೈಲೇಜ್ ಗುರಿ ಅಷ್ಟು ಕಡಿಮೆ. ಗಾಡಿ ಹಿಗ್ಗಿಸಿದವನಿಗೇ ರಿಯಾಯಿತಿ ಅಂದ್ರೆ ಯಾರು ತಾನೇ ಸಣ್ಣದು ಮಾಡ್ತಾರೆ ಹೇಳಿ?

ಈ ನಡುವೆ ಗಾಡಿಯ ಒಳಗೂ ಬದಲಾವಣೆ ಆಯ್ತು. ಎಂಟು ಅಡಿ ಲೋಡ್ ಬಾಡಿ, ಒಂದು ಸಾಲು ಸೀಟು ಅನ್ನೋದು ಹಳೇ ಲೆಕ್ಕ. 2001ರಲ್ಲಿ ಎಫ್-150ಗೆ ಪೂರ್ತಿ ನಾಲ್ಕು ಬಾಗಿಲು ಬಂತು. ಇಂಥ ಮಾದರಿಗಳಲ್ಲಿ ಲೋಡ್ ಹಾಕೋ ಜಾಗ ಐದೂವರೆ ಅಡಿಗೆ ಇಳಿಯಿತು. 2015ರಲ್ಲಿ ಉಕ್ಕಿನ ಬಾಡಿ ಹೋಗಿ ಅಲ್ಯೂಮಿನಿಯಂ ಬಂದು ತೂಕ 300 ಕೆಜಿಗೂ ಹೆಚ್ಚು ಇಳಿಯಿತು. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಇದು ನಿಜಕ್ಕೂ ದೊಡ್ಡ ಸಾಧನೆ, ಶಭಾಷ್ ಅನ್ನಲೇಬೇಕು. ಆದರೆ ತೂಕ ಇಳಿದರೂ ಎತ್ತರ ಇಳಿಯಲಿಲ್ಲ.

ಆ ಎತ್ತರದ್ದೇ ಈಗ ಪ್ರಶ್ನೆ. ಅಮೆರಿಕದಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಸತ್ತ ಪಾದಚಾರಿಗಳು 2009ರಲ್ಲಿ ಸುಮಾರು 4,100. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಎಲ್ಲ ತಪ್ಪನ್ನೂ ಪಿಕಪ್ ತಲೆಗೆ ಕಟ್ಟೋ ಹಾಗಿಲ್ಲ. ವೇಗ ಇದೆ, ಕತ್ತಲೆ ಇದೆ, ಫುಟ್‌ಪಾತೇ ಇಲ್ಲದ ರಸ್ತೆಗಳಿವೆ. ಆದರೆ ವಿಮಾ ಕಂಪನಿಗಳ ಹಣದಲ್ಲಿ ನಡೆಯೋ ಐಐಎಚ್‌ಎಸ್ ಸಂಸ್ಥೆ ಸುಮಾರು 18,000 ಅಪಘಾತಗಳನ್ನ ಪರಿಶೀಲಿಸಿ 2023ರಲ್ಲಿ ವರದಿ ಕೊಟ್ಟಿತು. ಬಾನೆಟ್ ಎತ್ತರ 40 ಇಂಚು ಮೀರಿದ ಗಾಡಿ ಗುದ್ದಿದರೆ ಪಾದಚಾರಿ ಸಾಯುವ ಸಾಧ್ಯತೆ, ತಗ್ಗಾದ ಇಳಿಜಾರು ಬಾನೆಟ್ಟಿನ ಕಾರಿಗಿಂತ ಶೇ 45ರಷ್ಟು ಹೆಚ್ಚು. ಕಾರಣ ಸರಳ. ಕಾರು ಕಾಲಿಗೆ ತಾಗುತ್ತೆ, ಮನುಷ್ಯ ಬಾನೆಟ್ ಮೇಲೆ ಬೀಳ್ತಾನೆ. ಎತ್ತರದ ಗಾಡಿ ನೇರವಾಗಿ ಎದೆಗೆ ಗುದ್ದುತ್ತೆ. ಎದುರಿಗೆ ಮಗು ಇದ್ದರೆ ತಲೆಗೆ.

ಗುದ್ದಿದಾಗ ಪಾದಚಾರಿಯ ತಲೆಗೆ ಎಷ್ಟು ಪೆಟ್ಟಾಗುತ್ತೆ ಅಂತ ಪರೀಕ್ಷಿಸೋ ನಿಯಮ ಯುರೋಪಿನಲ್ಲಿ 2005ರಿಂದಲೇ ಶುರುವಾಗಿದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಅಂಥದ್ದೊಂದು ನಿಯಮದ ಪ್ರಸ್ತಾವ ಮುಂದಿಟ್ಟಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದರಲ್ಲಿ ಪಿಕಪ್‌ಗಳನ್ನೂ ಸೇರಿಸಿದ್ದಾರೆ.