ನೇರಳೆ ಮಾರ್ಗದ ಕಲ್ಲುಗಳು: ದೂರದ ರಾಜರು ನಮ್ಮೂರನ್ನು ಆಳಿದ್ದು ಹೇಗೆ?

ಬೆಳಗ್ಗೆ ಹಲಸೂರಿನಲ್ಲೋ ಇಂದಿರಾನಗರದಲ್ಲೋ ಮೆಟ್ರೊ ಹತ್ತಿ, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ‘ಪಟ್ಟಂದೂರು ಅಗ್ರಹಾರ’ ಅಂದರೆ ಆಫೀಸಿಗೆ ಇಳಿಯುವ ಸ್ಟೇಷನ್, ಅಷ್ಟೇ. ಆದರೆ ಆ ಹೆಸರಿಗೆ ಸಾವಿರ ವರ್ಷದ ವಯಸ್ಸಿದೆ. ಅದೇ ಮಾರ್ಗದ ಕೊನೆಯಲ್ಲಿರುವ ಕಾಡುಗೋಡಿಯ ಕಾಶಿ ವಿಶ್ವೇಶ್ವರ ದೇವಸ್ಥಾನದಲ್ಲಿ 1043ನೇ ಇಸವಿಯ ತಮಿಳು ಶಾಸನವೊಂದಿದೆ. ಅದರಲ್ಲಿ ಪಟ್ಟಂದೂರಿನ ಕೆರೆಯ ಮಾತು ಬರುತ್ತದೆ. ಆಗ ಇಲ್ಲಿ ನಡೆಯುತ್ತಿದ್ದದ್ದು ರಾಜೇಂದ್ರ ಚೋಳನ ಆಳ್ವಿಕೆ.

ರಾಜ ಇದ್ದದ್ದು ಕಾವೇರಿ ಬಯಲಿನ ಗಂಗೈಕೊಂಡ ಚೋಳಪುರದಲ್ಲಿ. ಕುದುರೆ ಏರಿ ಹೊರಟರೂ ಇಲ್ಲಿಗೆ ದಿನಗಟ್ಟಲೆ ದಾರಿ. ಫೋನಿಲ್ಲ, ಇಮೇಲ್ ಇಲ್ಲ. ಇಲ್ಲಿನ ಮಣ್ಣು ಬೇರೆ, ಮಾತು ಬೇರೆ. ಅಷ್ಟು ದೂರ ಕೂತು ಇಂಥ ಸೀಮೆಯನ್ನು ಹಿಡಿದಿಟ್ಟುಕೊಂಡದ್ದಾದರೂ ಹೇಗೆ?

ಮೇಲೆ ಹೊಸ ಬೋರ್ಡು, ಕೆಳಗೆ ಹಳೇ ಊರು

1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದು ಗಂಗರ ಆಳ್ವಿಕೆ ಮುಗಿಸಿದರು. ತಲಕಾಡು ರಾಜರಾಜಪುರವಾಯಿತು. ಕೋಲಾರ, ಬೆಂಗಳೂರು ಕಡೆಯ ಸೀಮೆಗೆ ನಿಕರಿಲಿ ಚೋಳ ಮಂಡಲ ಅಂತ ಹೆಸರು ಬಿತ್ತು. ಮಂಡಲದೊಳಗೆ ವಳನಾಡು, ವಳನಾಡಿನೊಳಗೆ ನಾಡು, ನಾಡಿನೊಳಗೆ ಊರು. ಇಂದಿರಾನಗರದ ಪಕ್ಕದ ದೊಮ್ಮಲೂರನ್ನೇ ನೋಡಿ. ಅಲ್ಲಿನ ಚೊಕ್ಕನಾಥಸ್ವಾಮಿ ದೇವಸ್ಥಾನದ ತಮಿಳು ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು. ಅದು ಸೇರಿದ್ದು ಇಲೈಪ್ಪಾಕ್ಕ ನಾಡಿಗೆ, ಅಂದರೆ ನಮ್ಮ ಯಲಹಂಕ ನಾಡಿಗೆ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಮೇಲಿನ ಹಂತಗಳಿಗೆ ರಾಜರ ಹೆಸರು ಬಂತು. ಜನ ದಿನಾ ಬಳಸುವ ನಾಡು, ಊರುಗಳ ಹೆಸರು ಉಚ್ಚಾರ ಬದಲಾದರೂ ಹಳೆಯದೇ ಉಳಿಯಿತು.

ಆಳುಗಳ ವಿಷಯದಲ್ಲೂ ಹಾಗೇ. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದವನ ಹೆಸರು ರಾಜರಾಜ ವೇಳಾನ್. ಚೋಳರ ಅಧಿಕಾರಿಗಳಿಗೆ ಇರುತ್ತಿದ್ದಂಥ ಬಿರುದು ಅದು. ಅವನ ಅಪ್ಪ ಯಾರು ಗೊತ್ತಾ? ಪೆರ್ಮಾಡಿ ಗಾವುಂಡ. ಗಾವುಂಡ ಅಂದರೆ ನಮ್ಮ ಗೌಡ. ಅಪ್ಪನಿಗೆ ಊರಿನ ಗೌಡಿಕೆ, ಮಗನಿಗೆ ಚೋಳರ ಬಿರುದು. ಊರನ್ನು ಬಲ್ಲ ಮನೆತನವನ್ನು ಕಿತ್ತುಹಾಕುವ ಬದಲು ತಮ್ಮವರನ್ನಾಗಿ ಮಾಡಿಕೊಳ್ಳುವುದೇ ಜಾಣತನ ಅಂತ ರಾಜರಿಗೆ ಗೊತ್ತಿತ್ತು.

ಇದೆಲ್ಲ ಬರೀ ಪ್ರೀತಿಯಿಂದ ಆದದ್ದಲ್ಲ ಬಿಡಿ. ಯುದ್ಧ ಮಾಡಿಯೇ ಬಂದವರು ಅವರು. ಆದರೆ ಗೆದ್ದ ನೆಲದಿಂದ ವರ್ಷ ವರ್ಷ ಕಂದಾಯ ಬರಬೇಕು. ಕಂದಾಯ ಬರಬೇಕಾದರೆ ಬೆಳೆ ಬೇಕು, ಬೆಳೆಗೆ ಕೆರೆ ಬೇಕು, ಕೆರೆ ನೋಡಿಕೊಳ್ಳಲು ಊರವರೇ ಬೇಕು.

ಬಲ್ಲಾಳನ ಸರ್ಕ್ಯುಲರ್

1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡಿನಿಂದ ಚೋಳರನ್ನು ಓಡಿಸಿದ. ಅಲ್ಲಿಗೆ ಇಲ್ಲಿನ ತಮಿಳು ಶಾಸನಗಳ ಕಾಲ ಮುಗಿಯಿತಾ? ಇಲ್ಲ. 1270ರಲ್ಲಿ ಅಳಗಿಯಾರ್ ಎಂಬುವರು ದೊಮ್ಮಲೂರಿನ ಗುಡಿಗೆ ಎರಡು ಬಾಗಿಲ ಕಂಬ ಕೊಟ್ಟದ್ದನ್ನು ಕೆತ್ತಿದ್ದು ತಮಿಳಿನಲ್ಲೇ. ಆಗ ಆಳುತ್ತಿದ್ದವನು ಹೊಯ್ಸಳ ವೀರ ರಾಮನಾಥ. ಬೇಲೂರಿನಲ್ಲಿ ಕನ್ನಡ ಕೆತ್ತಿಸಿದ ಮನೆತನವೇ ಇಲ್ಲಿ ಓದುವವರ ಭಾಷೆಗೆ ಅಡ್ಡ ಬರಲಿಲ್ಲ.

1254ರ ನಂತರ ಹೊಯ್ಸಳ ರಾಜ್ಯ ಮಲ ಸಹೋದರರಾದ ಮೂರನೇ ನರಸಿಂಹ ಮತ್ತು ರಾಮನಾಥರ ನಡುವೆ ಪಾಲಾಗಿತ್ತು. ಅದನ್ನು 1300ರ ಆಸುಪಾಸಿನಲ್ಲಿ ಮತ್ತೆ ಒಂದು ಮಾಡಿದವನು ನರಸಿಂಹನ ಮಗ ಮೂರನೇ ಬಲ್ಲಾಳ. ಎರಡು ಕಂಪನಿ ಸೇರಿದಾಗ ಹೊಸ ಬಾಸ್ ಮೇಲ್ ಕಳಿಸುತ್ತಾನಲ್ಲ, ಹಾಗೇ ಬಲ್ಲಾಳನೂ ಒಂದು ಆದೇಶ ಹೊರಡಿಸಿದ. ಕೋಲಾರ, ಕೈವಾರ, ಯಲಹಂಕ ಅಂತ ನಾಡುಗಳ ಹೆಸರು ಸಾಲಾಗಿ ಹೇಳಿ, ಅಲ್ಲಿನ ದೇವಸ್ಥಾನಗಳ ತೆರಿಗೆ ಬಿಟ್ಟುಕೊಟ್ಟಿದ್ದೇವೆ, ಪೂಜೆ ಚೆನ್ನಾಗಿ ನಡೆಸಿ ಅಂದ. ಜನ ಸೇರುವ ಜಾಗದಿಂದಲೇ ಹೊಸ ರಾಜನ ಹೆಸರು ಹಬ್ಬಲಿ ಎಂಬ ಲೆಕ್ಕಾಚಾರವೂ ಅದರಲ್ಲಿ ಇದ್ದಿರಬೇಕು.

ಈ ದಾರಿ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ರಾಜಾಜ್ಞೆ ತಿಳಿಸುತ್ತಾರೆ. ಪಕ್ಕಾ ಫಾರ್ವರ್ಡ್ ಮಾಡಿದ ಮೇಲ್!

ಈಗ ನಮ್ಮ ಸರದಿ

ಇದೇ ಊರಿನಲ್ಲಿ ಇವತ್ತು ಭಾಷೆಯ ಜಗಳ ಶುರುವಾದರೆ ಕೆಲವರು ಶಾಸನಗಳನ್ನು ಕಲ್ಲಿನ ಹಾಗೆ ಎತ್ತಿ ಬೀಸುತ್ತಾರೆ: “ತಮಿಳಿನಲ್ಲಿದೆ, ಆದ್ದರಿಂದ ಊರು ನಮ್ಮದು” ಅಂತ ಒಬ್ಬರು, “ಅಂಥ ಕಲ್ಲೇ ಬೇಡ” ಅಂತ ಇನ್ನೊಬ್ಬರು. ಕಲ್ಲು ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಗೌಡನ ಮಗ ವೇಳಾನ್ ಆದದ್ದನ್ನೂ, ಹೊಯ್ಸಳ ರಾಜ ತಮಿಳಿನಲ್ಲಿ ಮಾತಾಡಿದ್ದನ್ನೂ ಅದು ಸುಮ್ಮನೆ ಹೇಳುತ್ತದೆ.

ಹೇಳಲು ಅದು ಉಳಿಯಬೇಕಷ್ಟೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ದಾಖಲಿಸಿದರು. ಅದರಲ್ಲಿ ಎಷ್ಟೋ ಕಲ್ಲು ಈಗ ಇದ್ದ ಜಾಗದಲ್ಲಿಲ್ಲ. ರಸ್ತೆ, ಲೇಔಟು, ಪಾಯ ನುಂಗಿವೆ. ಉಳಿದವನ್ನು ಮಿಥಿಕ್ ಸೊಸೈಟಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ.

ಈ ಭಾನುವಾರ ಬ್ರಂಚ್ ಮುಗಿದ ಮೇಲೆ ದೊಮ್ಮಲೂರಿನ ಗುಡಿಗೆ ಒಂದು ಸುತ್ತು ಹೋಗಿಬನ್ನಿ. ಗೋಡೆಯ ಮೇಲಿನ ಅಕ್ಷರ ಓದಲು ಬಾರದಿದ್ದರೂ ಪರವಾಗಿಲ್ಲ. ಅಲ್ಲಿರುವುದು ನಿಮ್ಮ ಪಿನ್‌ಕೋಡಿನ ಹಳೇ ವಿಳಾಸ.