ಪುಣೆಯ ವಾಡೆ: ಕಂಬ ಗಟ್ಟಿಯಿದ್ದರೆ ಮನೆ ಉಳಿದೀತು

ಪುಣೆಯ ಕಸಬಾ, ಶನಿವಾರ, ಸದಾಶಿವ ಪೇಟೆಗಳಲ್ಲಿ ಓಡಾಡುವ ಕನ್ನಡಿಗರಿಗೆ ಅಲ್ಲಿನ ಹಳೆಯ 'ವಾಡಾ'ಗಳು ಅಪರಿಚಿತವಲ್ಲ. ಉತ್ತರ ಕರ್ನಾಟಕದಲ್ಲಿ ದೇಸಾಯಿಯವರ ದೊಡ್ಡ ಮನೆಯನ್ನು ನಾವೂ ವಾಡೆ ಎಂದೇ ಕರೆಯುತ್ತೇವೆ. ನಡುವೆ ಅಂಗಳ, ಸುತ್ತ ಪಡಸಾಲೆ. ನೋಡಿದರೆ ತೊಟ್ಟಿಮನೆಯ ನೆನಪಾಗುತ್ತದೆ.

ವಾಡೆಯ ಜೀವ ಇರುವುದು ಮರದಲ್ಲಿ. ಕಲ್ಲಿನ ಪೀಠದ ಮೇಲೆ ಸಾಗುವಾನಿ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ಜಂತೆ, ಹಲಗೆ. ಮಹಡಿಯ ಭಾರವನ್ನು ಬಹುಮಟ್ಟಿಗೆ ಹೊರುವುದು ಈ ಚೌಕಟ್ಟು. ಕಂಬಗಳ ನಡುವಿನ ಇಟ್ಟಿಗೆ ಗೋಡೆ ಹೆಚ್ಚಾಗಿ ಮರೆಯಷ್ಟೇ. ಹಾಗಾಗಿ ಒಳಗೋಡೆ ತೆಗೆದು ಬೇರೆ ಕಡೆ ಕಟ್ಟಿದರೂ ಮನೆ ನಿಲ್ಲುತ್ತಿತ್ತು.

ತಲೆಮಾರಿಗೊಮ್ಮೆ ವಾಡೆಗಳು ರೂಪ ಬದಲಿಸಲು ಈ ಗುಣವೇ ಕಾರಣ. ಎರಡನೇ ಬಾಜಿರಾಯನ ವಿಶ್ರಾಮಬಾಗ್ ವಾಡಾ 1807ರದು. ಪೇಶ್ವೆಗಳ ಆಡಳಿತ 1818ರಲ್ಲಿ ಮುಗಿಯಿತು. 1821ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ಬಂತು. 1879ರಲ್ಲಿ ಒಂದು ಭಾಗ ಬೆಂಕಿಗೆ ಆಹುತಿಯಾಯಿತು. ಮುಂದೆ ನಗರಾಡಳಿತದ ಕಚೇರಿಯೂ ಅಲ್ಲೇ ನಡೆಯಿತು. ಮುಂಭಾಗದ ಕೆತ್ತನೆಯ ಕಂಬಗಳನ್ನು ಇಂದಿಗೂ ನೋಡಬಹುದು.

ಸಾಮಾನ್ಯರ ವಾಡೆಗಳಲ್ಲಿ ಕೂಡುಕುಟುಂಬ ಒಡೆದಂತೆ ಬಾಡಿಗೆದಾರರು ಬಂದರು. ಪಡಸಾಲೆಗೆ ಹಲಗೆ ಅಡ್ಡ ಬಂತು, ರಸ್ತೆಯ ಕಡೆ ಅಂಗಡಿ ತೆರೆಯಿತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯ ನಂತರ ಬಾಡಿಗೆ ಏರದಾಯಿತು. ದುರಸ್ತಿಗೆ ಮಾಲೀಕರು ಕೈಹಾಕುವುದು ಕಡಿಮೆಯಾಯಿತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದಾಗ ನದಿಯ ಹತ್ತಿರದ ಎಷ್ಟೋ ವಾಡೆಗಳು ಕುಸಿದವು.

ಪ್ರವಾಹವಿಲ್ಲದೆಯೂ ನೀರು ಮರವನ್ನು ತಿನ್ನುತ್ತದೆ. ಮಹಡಿಯ ಮೇಲೆ ಹೊಸದಾಗಿ ಮಾಡಿದ ಬಚ್ಚಲು, ಹಳೇ ಗೋಡೆಗೆ ಬಳಿದ ಸಿಮೆಂಟ್ ಗಿಲಾವು, ಇವೇ ದೊಡ್ಡ ಹಾನಿ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ; ಸಿಮೆಂಟ್ ಒಳಗೇ ಹಿಡಿದಿಡುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಯಾರಿಗೂ ಕಾಣದಂತೆ ಕೊಳೆಯುತ್ತದೆ.

ಮಳೆಗಾಲ ಬಂತೆಂದರೆ ಅಪಾಯದ ವಾಡೆಗಳಿಗೆ ಪಾಲಿಕೆಯ ನೋಟಿಸು ಬರುತ್ತದೆ. ಬಿಟ್ಟುಹೋದರೆ ಹಕ್ಕು ತಪ್ಪೀತೆಂಬ ಭಯ ಬಾಡಿಗೆದಾರರಿಗೆ. ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರೆ ಲಾಭವೆಂಬ ಲೆಕ್ಕ ಮಾಲೀಕರಿಗೆ. ನಡುವೆ ಜೀವ ಕೈಯಲ್ಲಿ ಹಿಡಿದು ಬದುಕುವವರ ಸುರಕ್ಷತೆಯೇ ಮೊದಲು, ನಿಜ. ಆದರೆ ಎಲ್ಲ ಹಳೇ ವಾಡೆಯೂ ಕೆಡವಲೇಬೇಕಾದ ಸ್ಥಿತಿಯಲ್ಲಿ ಇರುವುದಿಲ್ಲ. ಮಹಡಿಗೆ ಆಸರೆ ಕೊಟ್ಟು, ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಹೊಸ ಸಾಗುವಾನಿ ಜೋಡಿಸಲು ಬರುತ್ತದೆ.

ಊರಲ್ಲಿ ಹಿರಿಯರ ಮನೆ ಬಿಟ್ಟು ಬಂದ ನಮಗೂ ಇದು ಅನ್ವಯಿಸುತ್ತದೆ. ಮಾರುವ, ಕೆಡವುವ ಮಾತಿಗೆ ಮೊದಲು ಹಳೇ ಮರದ ಕೆಲಸ ಬಲ್ಲ ಬಡಗಿಯನ್ನು ಕರೆಸಿ, ಕಂಬದ ಬುಡ ಮತ್ತು ತೊಲೆಯ ತುದಿ ನೋಡಿಸಿ.